ಡಿಸ್ಕ್ ಸ್ಟೋರೇಜ್ ಜೋಡಣೆಯಲ್ಲಿನ ಲೋಪದ ಬಗ್ಗೆ ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಮಂಗಳೂರು

ವಿಷಯ: ನಮ್ಮ ಸಂಘಕ್ಕೆ ನೀವು ಅಳವಡಿಸಿದ ಸ್ಟೋರೇಜ್ ಸಂಪೂರ್ಣ ಕೆಟ್ಟಿರುವುದು

ಮಾನ್ಯರೇ,

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಸಹಕಾರಿ ಸಂಘದ ಸರ್ವರ್ ಏಳಲಿಲ್ಲ. ಅಡಿಕೆ, ಕಾಳುಮೆಣಸು ತಂದವರಿಗೆ ಎರಡು ದಿನ ಕೈಬರಹದ ತೂಕಚೀಟಿ ಕೊಟ್ಟು ಕಳಿಸಿದೆವು, ಹಣ ಕೊಡಲಾಗಲಿಲ್ಲ. ಪೆರ್ಲದ ಕಡೆಯ ಹಿರಿಯರೊಬ್ಬರು ಆಸ್ಪತ್ರೆ ಖರ್ಚಿಗೆಂದು ಅಡಿಕೆ ಮಾರಲು ಬಂದಿದ್ದರು. ಅವರನ್ನು ಬರಿಗೈಯಲ್ಲಿ ಕಳಿಸಿದ ನೋವು ನನಗೆ ಇನ್ನೂ ಇದೆ. ಫೋನ್ ಮಾಡಿದರೆ ನಿಮ್ಮ ತಂತ್ರಜ್ಞರು, "ಡಿಸ್ಕ್ ಹೋದರೆ ನಾವೇನು ಮಾಡುವುದು?" ಎಂದರು. ಡಿಸ್ಕ್ ಒಂದಲ್ಲ ಒಂದು ದಿನ ಹೋಗುವ ವಸ್ತು. ಹೋದರೂ ಕೆಲಸ ನಿಲ್ಲಬಾರದೆಂದೇ ನಿಮಗೆ ಹಣ ಕೊಟ್ಟದ್ದು. ನನ್ನ ದೂರು ಅದನ್ನು ಜೋಡಿಸಿದ ಕ್ರಮದ ಮೇಲೆ.

ಎಂಟು ಖಾನೆಗಳ ಪೆಟ್ಟಿಗೆಯಲ್ಲಿ 4 ಟಿಬಿಯ ಆರು ಡಿಸ್ಕ್ ಹಾಕಿ ರೇಡ್ 5 ಮಾಡಿದಿರಿ, ಅಂದರೆ ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಎಲ್ಲವನ್ನೂ ಒಂದಾಗಿ ಜೋಡಿಸಿದಿರಿ. 20 ಟಿಬಿ ಜಾಗ ಸಿಗುತ್ತದೆಂದು ಹೇಳಿದಿರಿ. ನಮ್ಮ ಲೆಕ್ಕಪತ್ರವೆಲ್ಲ ಸೇರಿದರೂ ಒಂದು ಟಿಬಿ ಆಗುವುದಿಲ್ಲ. ನಮಗೆ ಬೇಕಿದ್ದದ್ದು ವೇಗ ಮತ್ತು ಭದ್ರತೆ, ಅದನ್ನು ನೀವು ಕೇಳಲೇ ಇಲ್ಲ. ರೇಡ್ 5ರಲ್ಲಿ ಒಂದು ಸಣ್ಣ ನಮೂದು ಬರೆಯಲು ಹಳೆಯ ದತ್ತಾಂಶ ಓದಬೇಕು, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕಿನದ್ದನ್ನು ಮತ್ತೆ ಲೆಕ್ಕಹಾಕಲು ಇಡುವ ಹೆಚ್ಚುವರಿ ಮಾಹಿತಿ) ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ಒಂದು ಬರಹಕ್ಕೆ ನಾಲ್ಕು ಕೆಲಸ. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ 80ರಷ್ಟು ಬಿಡಿ ಕೆಲಸ ಮಾಡೀತು. ಆರು ಸೇರಿ 480 ಆದರೆ, ಬರೆಯುವುದಕ್ಕೆ ಉಳಿಯುವುದು 120 ಮಾತ್ರ. ಅದೇ ಆರನ್ನು, ಪ್ರತಿಯೊಂದನ್ನೂ ಎರಡು ಡಿಸ್ಕಿಗೆ ಬರೆಯುವ ರೇಡ್ 10 ಮಾಡಿದ್ದರೆ 240 ಸಿಗುತ್ತಿತ್ತು, ಜಾಗವೂ 12 ಟಿಬಿ ಇರುತ್ತಿತ್ತು. ಕೌಂಟರಿನಲ್ಲಿ ಬಿಲ್ ನಿಧಾನವೆಂದು ನಾವು ದೂರಿದಾಗ ರ‍್ಯಾಮ್ ಹೆಚ್ಚಿಸಿ ಅದಕ್ಕೂ ಬಿಲ್ ಮಾಡಿದಿರಿ.

ಇದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಎರಡನೇ ಸಲ ದೂರಿದಾಗ ನಿಮ್ಮವರು ಬಂದು ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರಿನ ಕ್ಯಾಶನ್ನು (ತಾತ್ಕಾಲಿಕ ಮೆಮೊರಿ) ರೈಟ್ ಬ್ಯಾಕ್‌ಗೆ ಬದಲಿಸಿದರು. ಕೆಲಸ ಚುರುಕಾಯಿತು, ನಾವೂ ಸಂತೋಷಪಟ್ಟೆವು. ಆದರೆ ಆ ಕ್ಯಾಶಿಗೆ ಬ್ಯಾಟರಿಯೇ ಇರಲಿಲ್ಲ! ರೈಟ್ ಬ್ಯಾಕ್ ಎಂದರೆ ಡಿಸ್ಕಿಗೆ ಇನ್ನೂ ತಲುಪದ್ದನ್ನು "ಬರೆದಾಯಿತು" ಎಂದು ತಂತ್ರಾಂಶಕ್ಕೆ ಹೇಳುವುದು. ಬ್ಯಾಟರಿ ಇಲ್ಲದೆ ಕರೆಂಟ್ ಹೋದರೆ ಕ್ಯಾಶಿನಲ್ಲಿದ್ದದ್ದು ಅಲ್ಲೇ ಅಳಿಯುತ್ತದೆ. ಬ್ಯಾಟರಿ ಇಲ್ಲದಾಗ, ಡಿಸ್ಕಿಗೆ ತಲುಪಿದ ಮೇಲಷ್ಟೇ "ಬರೆದಾಯಿತು" ಎನ್ನುವ ರೈಟ್ ಥ್ರೂಗೆ ಹೋಗುವ ರಕ್ಷಣೆ ಕಂಟ್ರೋಲರಿನಲ್ಲಿತ್ತು, ನಿಮ್ಮವರು ಅದನ್ನೂ ಬಲವಂತವಾಗಿ ತಪ್ಪಿಸಿದ್ದಾರೆ. ಅಕ್ಟೋಬರಿನ ಸಂಜೆಯ ಗುಡುಗುಮಳೆ ನಮ್ಮ ಊರಿಗೆ ಹೊಸದೇ? ಒಂದು ಸಿಡಿಲಿಗೆ ಕರೆಂಟ್ ಹೋಯಿತು, ಹಳೆಯ ಯುಪಿಎಸ್ ಕೈಕೊಟ್ಟಿತು, ಮರುದಿನ ನೋಡಿದರೆ ಸದಸ್ಯರ ಸಾಲದ ಖಾತೆಗಳ ಒಂದು ಭಾಗ ಹಾಳಾಗಿತ್ತು. ಪ್ರತಿಯೊಂದನ್ನೂ ರಸೀದಿ ಪುಸ್ತಕ ಇಟ್ಟುಕೊಂಡು ತಾಳೆ ನೋಡಿ ಸರಿಪಡಿಸಿದ್ದು ನಮ್ಮ ಇಬ್ಬರು ಗುಮಾಸ್ತರು.

ಈಗ ನಡೆದದ್ದಕ್ಕೆ ಬರುತ್ತೇನೆ. ಕಂಟ್ರೋಲರಿನ ದಾಖಲೆಯ ಪ್ರಕಾರ ಮೊದಲ ಡಿಸ್ಕ್ ಸತ್ತು 19 ದಿನ ಕಳೆದಿತ್ತು. ಎಚ್ಚರಿಕೆಯ ಇಮೇಲ್ ಹೊಂದಿಸದ ಕಾರಣ ಯಾರಿಗೂ ಗೊತ್ತಾಗಲಿಲ್ಲ. ಒಂದು ಕೆಟ್ಟ ಕೂಡಲೇ ಅದರ ಜಾಗಕ್ಕೆ ತಾನಾಗಿ ಬರುವ ಹಾಟ್ ಸ್ಪೇರ್ ಡಿಸ್ಕ್ ಇಲ್ಲ. ಭಾನುವಾರ ನಿಮ್ಮವರು ಹೊಸ ಡಿಸ್ಕ್ ಹಾಕಿ ರೀಬಿಲ್ಡ್ (ಸತ್ತ ಡಿಸ್ಕಿನದ್ದನ್ನು ಉಳಿದವುಗಳಿಂದ ಮತ್ತೆ ಕಟ್ಟುವುದು) ಶುರುಮಾಡಿದಾಗ ಇನ್ನೊಂದು ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್ (ಡಿಸ್ಕಿನ ಸಣ್ಣ ಭಾಗ) ಸಿಕ್ಕಿ ಎಲ್ಲವೂ ಕುಸಿಯಿತು. ನೀವು ಹಾಕಿದ್ದು ಮನೆಬಳಕೆಯ ಡಿಸ್ಕ್. ಅದರ ವಿವರಪಟ್ಟಿಯಲ್ಲೇ, 10ರ ಘಾತ 14 ಬಿಟ್ ಓದುವಾಗ ಒಂದು ದೋಷದವರೆಗೆ ಬರಬಹುದೆಂದಿದೆ, ಅಂದರೆ ಸುಮಾರು 12.5 ಟಿಬಿಗೆ ಒಂದು. ರೀಬಿಲ್ಡ್‌ಗೆ ಉಳಿದ ಐದು ಡಿಸ್ಕ್‌ಗಳ 20 ಟಿಬಿಯನ್ನೂ ಓದಬೇಕು. ಈ ಲೆಕ್ಕ ನಿಮಗೆ ತಿಳಿಯದ್ದಲ್ಲ. ಕಂಟ್ರೋಲರ್ ಆಗಾಗ ಎಲ್ಲ ಡಿಸ್ಕ್‌ಗಳನ್ನೂ ಓದಿ ಪರೀಕ್ಷಿಸುವ ಪ್ಯಾಟ್ರೋಲ್ ರೀಡ್ ಚಾಲೂ ಇಟ್ಟಿದ್ದರೆ ಆ ಸೆಕ್ಟರ್ ಎಂದೋ ಪತ್ತೆಯಾಗಿ, ಪ್ಯಾರಿಟಿ ಇರುವಾಗಲೇ ಸರಿಯಾಗುತ್ತಿತ್ತು.

ಬ್ಯಾಕಪ್ ಇದೆಯೆಂದು ನೀವು ತೋರಿಸಿದ್ದು ಅದೇ ಆರು ಡಿಸ್ಕಿನ ಮೇಲಿನ ಇನ್ನೊಂದು ವಾಲ್ಯೂಮ್ (ವಿಭಾಗ), ಅದೂ ಜೊತೆಗೇ ಹೋಯಿತು. ನಮ್ಮ ಗುಮಾಸ್ತೆಯೊಬ್ಬರು ತಾವಾಗಿಯೇ ಶುಕ್ರವಾರದವರೆಗಿನ ಲೆಕ್ಕವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ ಕಪಾಟಿನಲ್ಲಿಟ್ಟದ್ದರಿಂದ ಸಂಘ ಉಳಿಯಿತು.

ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಸರ್ವರಿಗೆ ಯೋಗ್ಯವಾದ ಆರು ಡಿಸ್ಕ್‌ಗಳಲ್ಲಿ ರೇಡ್ 10, ಏಳನೆಯದು ಹಾಟ್ ಸ್ಪೇರ್, ಬ್ಯಾಟರಿ ಇರುವ ಕ್ಯಾಶ್ ಎಲ್ಲವನ್ನೂ ನಿಮ್ಮ ಖರ್ಚಿನಲ್ಲಿ ಮಾಡಿಕೊಡಬೇಕು. ಎಲ್ಲ ಡಿಸ್ಕ್‌ಗಳೂ ಒಂದೇ ಬ್ಯಾಚಿನವು ಆಗಿರಬಾರದು. ಎಚ್ಚರಿಕೆ ನನ್ನ ಮೊಬೈಲಿಗೂ ಬರಬೇಕು. ಬ್ಯಾಕಪ್ ಬೇರೆ ಯಂತ್ರಕ್ಕೆ ಹೋಗಬೇಕು, ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು, ಮತ್ತು ಅದರಿಂದ ಲೆಕ್ಕ ಮರಳಿ ತೆಗೆಯುವುದನ್ನು ನಮ್ಮ ಎದುರಿಗೇ ಮಾಡಿ ತೋರಿಸಬೇಕು. ನಮ್ಮ ಎದುರಲ್ಲೇ ಒಂದು ಡಿಸ್ಕ್ ಎಳೆದು, ಕೌಂಟರ್ ನಿಲ್ಲದೆ ನಡೆಯುವುದನ್ನೂ ತೋರಿಸಿ. ಜೋಡಣೆಯ ವಿವರ ಕನ್ನಡದಲ್ಲಿ ಬರೆದುಕೊಡಿ. ನಮ್ಮ ನಿರ್ದೇಶಕರಲ್ಲಿ ಹೆಚ್ಚಿನವರು ಓದುವುದು ಕನ್ನಡ, ಸಹಿ ಹಾಕುವವರು ಅವರೇ.

ಇವೆಲ್ಲ ಆಗುವವರೆಗೆ ವಾರ್ಷಿಕ ನಿರ್ವಹಣೆಯ ಬಾಕಿ ಕಂತು ಕೊಡುವುದಿಲ್ಲವೆಂದು ಆಡಳಿತ ಮಂಡಳಿ ನಿರ್ಣಯಿಸಿದೆ. ನಿರ್ಣಯದ ಪ್ರತಿ ಮತ್ತು ಕಂಟ್ರೋಲರಿನ ದಾಖಲೆ ಲಗತ್ತಿಸಿದ್ದೇನೆ.

ಇತಿ,
ಕಾರ್ಯದರ್ಶಿ