ಬರುವ ದಿನ ಮೊದಲು ಗೊತ್ತು ಮಾಡೋ ಸೀನ

ಮೈಸೂರು,
ಅಕ್ಟೋಬರ್ 26, 2025

ಪ್ರೀತಿಯ ಸೀನ,

ರಾತ್ರಿ ಎರಡೂವರೆ. ಬಂದು ಎಂಟು ದಿನವಾದರೂ ನನ್ನ ನಿದ್ದೆ ಇನ್ನೂ ಷಿಕಾಗೋ ಗಡಿಯಾರಕ್ಕೇ ಜೋತುಬಿದ್ದಿದೆ. ನಮ್ಮವಳೂ ಎದ್ದು ಅಡುಗೆಮನೆಯಲ್ಲಿ ಡಬ್ಬಿಗಳನ್ನು ಸುರಿದು ಹುಳ ಹಿಡಿದ ರವೆ, ಬೇಳೆಗೆಲ್ಲ ಗತಿ ಕಾಣಿಸುತ್ತಿದ್ದಾಳೆ. ಆರು ತಿಂಗಳು ಬೀಗ ಹಾಕಿದ ಮನೆ ನೋಡು. ಹೇಗೂ ನಿದ್ದೆಯಿಲ್ಲ, ನಿನಗೆ ಬರೆಯೋಣ ಎಂದು ಕೂತೆ.

ಮೊನ್ನೆ ಫೋನಿನಲ್ಲಿ ನೀನು ಅಂದೆಯಲ್ಲ, "ಅಮೆರಿಕಕ್ಕೆ ಹತ್ತು ವರ್ಷದ ವೀಸಾ ಕೊಡ್ತಾರಂತೆ, ಹಾಗಾದ್ರೆ ಒಂದು ವರ್ಷ ಇದ್ದು ಮಗಳ ಮಗು ಹೆಜ್ಜೆ ಹಾಕೋದು ನೋಡ್ಕೊಂಡೇ ಬರ್ತೀವಿ" ಅಂತ. ಆಗಲೇ ಹೇಳಬೇಕಿತ್ತು. ಹಿಂದಿನಿಂದ ಅತ್ತಿಗೆ ನಗುವುದು ಕೇಳಿಸುತ್ತಿತ್ತು, ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ಆಗುವುದಿಲ್ಲ ಮಾರಾಯ.

ಹತ್ತು ವರ್ಷ ಎನ್ನುವುದು ಬಾಗಿಲು ತಟ್ಟುವುದಕ್ಕೆ ಕೊಟ್ಟ ಅವಧಿ. ಒಳಗೆ ಎಷ್ಟು ದಿನ ಕೂರಬಹುದು ಅನ್ನುವುದನ್ನು ವೀಸಾ ಹೇಳುವುದೇ ಇಲ್ಲ. ಅದನ್ನು ಹೇಳುವವನು ವಿಮಾನ ಇಳಿದಾಗ ಎದುರು ಕೂತಿರುವ ಅಧಿಕಾರಿ. ನಮ್ಮಂಥ ಬಿ-2 ಪ್ರವಾಸಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಬರೆಯುತ್ತಾನೆ. ಆ ದಾಖಲೆಗೆ ಐ-94 ಎಂದು ಹೆಸರು. ಹಿಂದೆ ಬಿಳಿ ಚೀಟಿ ಪಾಸ್‌ಪೋರ್ಟಿಗೆ ಪಿನ್ನು ಹೊಡೆದು ಕೊಡುತ್ತಿದ್ದರಂತೆ. 2013ರಿಂದ ವಿಮಾನದಲ್ಲಿ ಬಂದವರಿಗೆ ಅದು ಕಂಪ್ಯೂಟರಿನಲ್ಲೇ ಇರುತ್ತದೆ. ಈಗೀಗ ಪಾಸ್‌ಪೋರ್ಟಿಗೆ ಮೊಹರು ಒತ್ತುವುದನ್ನೂ ಬಿಡುತ್ತಿದ್ದಾರೆ. ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ಮೊಹರು ಕುಟ್ಟಿದವನು ನಾನು. ಮೊಹರಿಲ್ಲದ ತಾರೀಖನ್ನು ನಂಬುವುದು ನನಗೆ ಇವತ್ತಿಗೂ ಕಷ್ಟ. ಆದರೆ ಅಲ್ಲಿ ನಡೆಯುವುದು ಅದೊಂದೇ. ಇಳಿದ ಮರುದಿನವೇ ಮಗಳ ಹತ್ತಿರ ಐ-94 ತೆಗೆಸಿ, ಇಬ್ಬರದೂ ಬೇರೆಬೇರೆ ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸು.

ಇಬ್ಬರದೂ ಅಂದೆ, ಅದಕ್ಕೆ ಕಾರಣವಿದೆ. 2019ರಲ್ಲಿ ಏಪ್ರಿಲ್‌ನಲ್ಲಿ ಹೋದಾಗ ನನಗೆ ಅಕ್ಟೋಬರ್ 20ರವರೆಗೆ ಕೊಟ್ಟಿದ್ದರು. ಅವಳಿಗೂ ಅಷ್ಟೇ ಇರುತ್ತದೆ ಎಂದು ಅವಳದನ್ನು ನೋಡಲೇ ಇಲ್ಲ. ಜೂನ್ ತಿಂಗಳಲ್ಲಿ ಅಳಿಯ ಸುಮ್ಮನೆ ತೆಗೆದು ನೋಡಿದರೆ ಸೆಪ್ಟೆಂಬರ್ 9! ಅವಳ ಪಾಸ್‌ಪೋರ್ಟ್ ಮುಗಿಯುವ ದಿನ ಅದು. ಪಾಸ್‌ಪೋರ್ಟಿನ ಆಯುಸ್ಸಿಗಿಂತ ಆಚೆ ಉಳಿಯಲು ಬಿಡುವುದು ಬೇಡ ಎಂದು ಅಧಿಕಾರಿ ಅಲ್ಲಿಗೇ ಕತ್ತರಿಸಿದ್ದ. ನನ್ನದನ್ನು ಹೊರಡುವ ಮುಂಚೆ ನಾಲ್ಕು ಸಲ ನೋಡಿಕೊಂಡಿದ್ದ ನಾನು ಅವಳದನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಈ ಮಾತನ್ನು ಅವಳು ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಟಿಕೆಟ್ ಬದಲಾಯಿಸಲು ದಂಡ ತೆತ್ತು, ಅಲ್ಲೇ ಗೌರಿ ಗಣೇಶ ಮುಗಿಸಿಕೊಂಡು ಹೊರಟೆವು. ಅವಳಿಗೇನೂ ಬೇಜಾರಾಗಲಿಲ್ಲ ಅನ್ನು, ಆ ವರ್ಷ ಗೊಂಬೆ ಕೂರಿಸಲು ಮನೆಯಲ್ಲಿದ್ದಳಲ್ಲ. ನಿಮ್ಮಿಬ್ಬರ ಪಾಸ್‌ಪೋರ್ಟುಗಳಿಗೆ ಎರಡು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮೊದಲು ಅದನ್ನು ಹೊಸದು ಮಾಡಿಸು, ಆಮೇಲೆ ವೀಸಾ.

ಆ ತಾರೀಖು ಮೀರಿದರೆ ಏನು ಎಂದು ಕೇಳಬೇಡ. ಮೀರಿದ ದಿನವೇ ನಿನ್ನ ಹತ್ತು ವರ್ಷದ ವೀಸಾ ರದ್ದಾದಂತೆ. 180 ದಿನ ದಾಟಿ ಉಳಿದು ಹೊರಬಿದ್ದರೆ ಮೂರು ವರ್ಷ ಆ ಕಡೆ ತಲೆಹಾಕುವಂತಿಲ್ಲ. ಒಂದು ವರ್ಷ ಮೀರಿದರೆ ಹತ್ತು ವರ್ಷ. ನಮ್ಮ ವಯಸ್ಸಿಗೆ ಹತ್ತು ವರ್ಷ ಅಂದರೆ ಮೊಮ್ಮಗನ ಉಪನಯನಕ್ಕೂ ಇಲ್ಲ.

ಅವಧಿ ಹೆಚ್ಚಿಸಿಕೊಳ್ಳಲು ಐ-539 ಎಂಬ ಅರ್ಜಿ ಇದೆ, ನಿಜ. ತಾರೀಖು ಮುಗಿಯುವ 45 ದಿನ ಮೊದಲೇ ಹಾಕಿ ಎನ್ನುತ್ತಾರೆ. ಉತ್ತರ ಬರುವಷ್ಟರಲ್ಲಿ ನೀನು ಊರಿಗೆ ಬಂದು ಒಂದು ಸಂಕ್ರಾಂತಿ ಮುಗಿದಿದ್ದರೂ ಆಶ್ಚರ್ಯವಿಲ್ಲ. ಕಾಲು ಮುರಿದು ಆಸ್ಪತ್ರೆಯಲ್ಲಿದ್ದೀಯ, ಹಾಕು. ಮಗುವಿನ ಮುಖ ಬಿಟ್ಟು ಬರಲಾಗದೆ ಹಾಕಬೇಡ. ಮುಂದಿನ ಸಲ ಕೌಂಟರಿನಲ್ಲಿ "ಹೋದ ಸಲ ಯಾಕೆ ಹೆಚ್ಚು ಇದ್ದಿರಿ" ಎಂದು ಕೇಳುತ್ತಾರೆ, ಆಗ ಮಗಳು ಪಕ್ಕದಲ್ಲಿರುವುದಿಲ್ಲ.

ವರ್ಷಕ್ಕೆ ಎಷ್ಟು ಸಲ ಹೋಗಬಹುದು ಎಂಬುದಕ್ಕೆ ಬರೆದಿಟ್ಟ ಲೆಕ್ಕವಿಲ್ಲ. ಆದರೆ ಆರು ತಿಂಗಳಿದ್ದು, ಎರಡು ತಿಂಗಳಿಗೆ ವಾಪಸ್ ಬಂದು, ಮತ್ತೆ ಹೋಗಿ ನಿಂತರೆ ಇವರು ಇಲ್ಲೇ ಸಂಸಾರ ಹೂಡಿದ್ದಾರೆ ಎಂದು ಅವರಿಗೆ ಅನ್ನಿಸದೆ ಇರುತ್ತದೆಯೇ? ನಾವು 2015, 2017, 2019, 2022, ಮತ್ತೆ ಈ ವರ್ಷ ಹೋದೆವು. ಹೋದಾಗಲೆಲ್ಲ ಬೇಸಿಗೆ, ಬರುವುದು ಎಲೆ ಉದುರುವ ಹೊತ್ತಿಗೆ. ಒಂದು ಸಲವೂ ಕೌಂಟರಿನಲ್ಲಿ ಮೂರನೆಯ ಪ್ರಶ್ನೆ ಬರಲಿಲ್ಲ.

ಈಗ ಅರ್ಜಿಯ ವಿಷಯ. ಡಿಎಸ್-160 ಎನ್ನುವ ಆನ್‌ಲೈನ್ ಫಾರ್ಮು, ಗಂಡನಿಗೊಂದು ಹೆಂಡತಿಗೊಂದು. ಶುಲ್ಕ ತಲೆಗೆ 185 ಡಾಲರ್, ವೀಸಾ ಸಿಗಲಿ ಬಿಡಲಿ ವಾಪಸ್ಸಿಲ್ಲ. ನೀನು ಯಾರೋ ಏಜೆಂಟರ ಹತ್ತಿರ ಮಾತಾಡಿದ್ದೇನೆ ಅಂದೆ. ಬೇಡ. ನಾವು 2015ರಲ್ಲಿ ಒಬ್ಬರ ಹತ್ತಿರ ಹೋಗಿ ದುಡ್ಡು ಕೊಟ್ಟು, ಅವರು ನನ್ನ ನಿವೃತ್ತಿ ವರ್ಷವನ್ನೇ ತಪ್ಪು ತುಂಬಿದ್ದನ್ನು ಚೆನ್ನೈ ರೈಲಿನಲ್ಲಿ ಕೂತು ಕಂಡುಹಿಡಿದೆ. ಫಾರ್ಮಿನ ಕೊನೆಯಲ್ಲಿ ಹೊಣೆ ನಿನ್ನದೇ ಹೊರತು ಅವರದಲ್ಲ. ತುಂಬುವಾಗ ನಡುವೆ ಎದ್ದು ಕಾಫಿಗೆ ಹೋದರೆ ಪುಟ ಸತ್ತುಹೋಗುತ್ತದೆ, ಮೊದಲ ಪುಟದಲ್ಲಿ ಬರುವ ಸಂಖ್ಯೆಯನ್ನು ಬರೆದಿಟ್ಟುಕೋ.

ಅತ್ತಿಗೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯಾ ನೋಡು. ನಮ್ಮ ಕಡೆಯ ಹೆಂಗಸರದು ಬಹಳಷ್ಟು ಹಾಗೇ. ಅಮೆರಿಕದವರಿಗೆ ಸರ್‌ನೇಮ್ ಇಲ್ಲದ ಮನುಷ್ಯರೇ ಇಲ್ಲ. ಇರುವ ಒಂದು ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ನಮ್ಮವಳಿಗೆ ಹಾಗೇ ಆಗಿ, ಅಲ್ಲಿಯ ದವಾಖಾನೆಯಲ್ಲಿ ಒಬ್ಬಾಕೆ "ಫ್ನೂ" ಎಂದು ಕೂಗಿದಳು. ಮೊಮ್ಮಗ ಅಜ್ಜಿಯನ್ನು ಇವತ್ತಿಗೂ ಫ್ನೂ ಅಜ್ಜಿ ಎನ್ನುತ್ತಾನೆ. ಹೇಗೂ ಪಾಸ್‌ಪೋರ್ಟ್ ಹೊಸದು ಮಾಡಿಸುವುದಾದರೆ ಅದರಲ್ಲೇ ಸರ್‌ನೇಮ್ ಸೇರಿಸಿಬಿಡು. ವೀಸಾದ ಫೋಟೊ ಎರಡಿಂಚು ಚೌಕ, ಕನ್ನಡಕ ತೆಗೆದು. 2016ರ ನವೆಂಬರಿನಿಂದ ಆ ನಿಯಮ. ಗೊತ್ತಿಲ್ಲದೆ ಈ ವರ್ಷ ವೀಸಾ ನವೀಕರಣಕ್ಕೆ ಕನ್ನಡಕದ ಫೋಟೊ ಹಾಕಿ ವಾಪಸ್ ಬಂತು.

ನಮಗೆ ನವೀಕರಣ, ಹಳೆಯದು ಮುಗಿದು 12 ತಿಂಗಳೊಳಗೆ ಹಾಕಿದ್ದರಿಂದ ಸಂದರ್ಶನವಿರಲಿಲ್ಲ. ನಿನ್ನದು ಮೊದಲ ಸಲ, ಹೋಗಲೇಬೇಕು. 79 ದಾಟಿದವರಿಗೆ ಮುಂಚೆ ವಿನಾಯಿತಿ ಇತ್ತು, ಈ ಸೆಪ್ಟೆಂಬರಿನಿಂದ ಅದೂ ಹೋಯಿತು. ಇದೇ ಜನವರಿಯಲ್ಲಿ ಬೆಂಗಳೂರಿಗೂ ಅಮೆರಿಕದ ಕಾನ್ಸುಲೇಟ್ ಬಂತು ಎಂದು ಪೇಪರಿನಲ್ಲಿ ಓದಿದ್ದೀಯ. ವೀಸಾ ಅಲ್ಲಿ ಇನ್ನೂ ಕೊಡುತ್ತಿಲ್ಲ. ಚೆನ್ನೈಯೋ ಹೈದರಾಬಾದೋ ಆಗಬೇಕು. ಬೆರಳಚ್ಚು, ಫೋಟೊಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಕೋವಿಡ್ ಮುಗಿದ ಮೇಲೆ, 2022ರಲ್ಲಿ, ಹೊಸ ಅರ್ಜಿದಾರರಿಗೆ ಎರಡು ವರ್ಷಕ್ಕೂ ಆಚೆಯ ತಾರೀಖು ತೋರಿಸುತ್ತಿತ್ತು. ಈಗ ಅಷ್ಟಿಲ್ಲ. ಆದರೂ ಹೆರಿಗೆ ಜೂನ್‌ನಲ್ಲಿ ಅಂದರೆ ಈ ವಾರವೇ ಕೂರಬೇಕು.

ಚೆನ್ನೈಯ ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈಯಲ್ಲಿ, ಜೆಮಿನಿ ಮೇಲ್ಸೇತುವೆಯ ಪಕ್ಕ. ನಾವು ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಿದ್ದೆವು. ಮೊಬೈಲು ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಬಿಟ್ಟು ಹೋಗು. ನಾನು ಹೊತ್ತಿದ್ದ ಫೈಲು ಎರಡು ಕೆಜಿ ಇತ್ತು. ಮನೆ ಕಂದಾಯದ ರಸೀದಿ, ಎಫ್‌ಡಿ ಬಾಂಡು, ಪಿಂಚಣಿ ಪುಸ್ತಕ, ಮಗಳ ಸಂಬಳದ ಚೀಟಿ. ಕಿಟಕಿಯ ಆಚೆಯ ಹುಡುಗ ಒಂದನ್ನೂ ಕೇಳಲಿಲ್ಲ. ಅವರ ಕಾನೂನಿನಲ್ಲಿ 214(ಬಿ) ಎಂಬ ಕಲಮು ಇದೆ. ಬರುವವರೆಲ್ಲ ಅಲ್ಲೇ ನೆಲೆಯೂರಲು ಬಂದವರು ಎಂದೇ ಮೊದಲು ಅಂದುಕೊಳ್ಳಬೇಕು, ಅಲ್ಲ ಎಂದು ತೋರಿಸುವ ಹೊರೆ ನಮ್ಮದು. ಹಾಗಾಗಿ ಅವನಿಗೆ ಬೇಕಾಗಿದ್ದು ನಾವು ಯಾಕೆ ಹೋಗುತ್ತೇವೆ ಎನ್ನುವುದಕ್ಕಿಂತ ಯಾಕೆ ವಾಪಸ್ ಬರುತ್ತೇವೆ ಎನ್ನುವುದು. ನಾನು ಇಂಗ್ಲಿಷಿನಲ್ಲಿ ಪಿಂಚಣಿ, ಆಸ್ತಿ ಎಂದು ಶುರು ಮಾಡಿದೆ. ಇವಳು ನಡುವೆ ಬಾಯಿ ಹಾಕಿ "ಅಕ್ಟೋಬರ್ ದಸರಾ. ಡಾಲ್ಸ್. ಮೈಸೂರ್. ಮಸ್ಟ್ ಕಮ್ ಬ್ಯಾಕ್" ಅಂದಳು. ಅವನು ನಕ್ಕು ಪಾಸ್‌ಪೋರ್ಟ್ ಇಟ್ಟುಕೊಂಡ. ಗೊಂಬೆಯಿಂದ ವೀಸಾ ಬಂತು ಎಂದು ನಾನು ಹೇಳುವುದಿಲ್ಲ, ಅವಳು ಹೇಳುತ್ತಾಳೆ.

ಬಾಣಂತನದ ಮಾತು ಎತ್ತಬಾರದು ಎಂದು ನಿನ್ನ ಏಜೆಂಟ ಹೇಳಿದನಂತೆ. ನನ್ನ ಅಭಿಪ್ರಾಯ ಬೇರೆ. ಮಗಳು ಬಸುರಿ ಎನ್ನುವುದನ್ನು ಮುಚ್ಚಿಡಬೇಡ, ಕೇಳಿದರೆ ಹೇಳು. "ಬೇಬಿ ನೋಡಿಕೊಳ್ಳೋಕೆ ಹೋಗ್ತಿದ್ದೀವಿ" ಎನ್ನುವ ಧಾಟಿ ಮಾತ್ರ ಬೇಡ. ಅಲ್ಲಿ ಮಗು ನೋಡಿಕೊಳ್ಳುವುದು ಸಂಬಳದ ಕೆಲಸ, ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಕೇಳಿದವನ ಕಿವಿಗೆ ಆಯಾ ಕೆಲಸದಂತೆ ಕೇಳಿಸಬಹುದು. ಮಗಳ ಹೆರಿಗೆ ಹೊತ್ತಿಗೆ ಜೊತೆಗಿರಲು, ಮೊಮ್ಮಗುವನ್ನು ನೋಡಲು ಹೋಗುತ್ತೇವೆ, ಇಂಥ ತಿಂಗಳು ವಾಪಸ್ ಬರುತ್ತೇವೆ. ಅಷ್ಟೂ ನಿಜವೇ ತಾನೆ. ತವರಿನವರು ಬಾಣಂತನ ಮಾಡುವುದು ಏನು ಎಂದು ಅವನಿಗೆ ಕಿಟಕಿಯಲ್ಲಿ ಪಾಠ ಮಾಡಬೇಡ, ನೀನು ಮೇಷ್ಟ್ರು, ಹೆದರಿಕೆ ಅದೇ ನನಗೆ.

ನೀನು ಮೇ ಮಧ್ಯದಲ್ಲಿ ಹೋದರೆ ನವೆಂಬರ್ ಮಧ್ಯದವರೆಗೆ ಸಮಯವಿರುತ್ತದೆ. ಅಕ್ಟೋಬರ್ ಕೊನೆಗೇ ಹೊರಟು ಬಾ. ನ್ಯೂಜೆರ್ಸಿಯ ಚಳಿ ನಿನ್ನ ಮಂಡಿಗೆ ಆಗಿಬರುವುದಿಲ್ಲ, ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಜೀವಂತ ಇದ್ದೇನೆ ಎಂದು ಪ್ರಮಾಣಪತ್ರ ಕೊಡಬೇಕಲ್ಲ, ಅದೂ ಸರಿಹೋಗುತ್ತದೆ. ಮಗು ಆಗ ಮಗುಚಿಕೊಳ್ಳುತ್ತಿರುತ್ತದೆ. ಹೆಜ್ಜೆ ಹಾಕುವುದನ್ನು ಬೀಗರು ನೋಡಲಿ ಬಿಡು. ನೀವು ಬಂದ ಮೇಲೆ ಅವರು ಹೋಗುತ್ತಾರೆ, ಎಲ್ಲ ಮನೆಗಳಲ್ಲೂ ಈಗ ಹೀಗೇ ಪಾಳಿ. ಬೇಸಿಗೆಯನ್ನೆಲ್ಲ ನೀವೇ ಹೊಡೆದುಕೊಂಡು ಹಿಮಗಾಲವನ್ನು ಅವರಿಗೆ ಬಿಟ್ಟಿರಿ ಎಂಬ ಮಾತು ಒಂದಲ್ಲ ಒಂದು ದಿನ ಬರುತ್ತದೆ. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಜರ್ಮನಿಯಲ್ಲಿರುವ ಮಗನ ಮನೆಗೂ ಅದೇ ಸುತ್ತಿನಲ್ಲಿ ಹೋಗಿಬಿಡೋಣ ಅಂದೆ. ಅಲ್ಲಿ ಲೆಕ್ಕವೇ ಬೇರೆ. ಯಾವ ದಿನ ನಿಂತು ಹಿಂದೆ 180 ದಿನ ಎಣಿಸಿದರೂ ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಲ್ಲಿ, ನೀನಿದ್ದದ್ದು 90 ದಾಟಿರಬಾರದು. ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ವಿಮೆ ಮಾಡಿಸದೆ ಹೊರಡಬೇಡ. ನಿನ್ನ ಬಿಪಿ, ಅತ್ತಿಗೆಯ ಸಕ್ಕರೆ ಕಾಯಿಲೆ ಹಳೆಯದಾದ್ದರಿಂದ ಮಾಮೂಲು ಪಾಲಿಸಿಗಳಲ್ಲಿ ಅದರ ಖರ್ಚು ಸೇರುವುದಿಲ್ಲ, ಸಣ್ಣ ಅಕ್ಷರ ಓದು. ಗುಳಿಗೆಗಳನ್ನು ಅದರದರ ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿಯ ಜೊತೆ ಒಯ್ಯಿ. ಹಲ್ಲು ಇಲ್ಲೇ ತೋರಿಸಿಕೊಂಡು ಹೋಗು. ನಾನು ಅಲ್ಲಿ ಒಂದು ಹಲ್ಲು ಕೀಳಿಸಿದ್ದಕ್ಕೆ ಕೊಟ್ಟ ದುಡ್ಡನ್ನು ನಿನಗೆ ಹೇಳಿದರೆ ನಿನ್ನ ಬಿಪಿ ಏರುತ್ತದೆ.

ಅತ್ತಿಗೆಗೆ ಹೇಳು: ಮೆಂತ್ಯದ ಹಿಟ್ಟು, ಬಾಣಂತಿ ಪುಡಿ, ಹಪ್ಪಳ ಒಯ್ಯಬಹುದು, ಇಳಿದಾಗ ಕಸ್ಟಮ್ಸಿನವರಿಗೆ ತಿಂಡಿ ಇದೆ ಎಂದು ಹೇಳಬೇಕು ಅಷ್ಟೆ. ಕರಿಬೇವು ಮಾತ್ರ ಬೇಡ. ಅದು ನಿಂಬೆ ಕಿತ್ತಳೆಯ ಬಳಗ, ಕಿತ್ತಳೆ ತೋಟಗಳನ್ನು ಹಾಳುಗೆಡಹುವ ರೋಗ ಹರಡುವ ಕೀಟ ಅದರ ಮೇಲೆ ಬದುಕುತ್ತದೆ ಎಂದು ಹಸಿಯದನ್ನೂ ಒಣಗಿಸಿದ್ದನ್ನೂ ತಡೆಯುತ್ತಾರೆ. 2017ರಲ್ಲಿ ನಮ್ಮವಳ ಒಂದು ಹಿಡಿ ಕರಿಬೇವು ಷಿಕಾಗೋ ವಿಮಾನ ನಿಲ್ದಾಣದ ಕಸದ ಬುಟ್ಟಿ ಸೇರಿತು. ನಮ್ಮನ್ನು ಬಿಟ್ಟರು, ನಾವೇ ತೋರಿಸಿ ಹೇಳಿದ್ದರಿಂದ.

ಅಡುಗೆಮನೆಯಿಂದ ಕಾಫಿ ವಾಸನೆ ಬಂತು, ಮೂರೂವರೆಗೆ! ಬರುವ ಭಾನುವಾರ ಇಬ್ಬರ ಪಾಸ್‌ಪೋರ್ಟು ಹಿಡಿದು ಬೆಳಗಿನ ರೈಲಿಗೆ ಹೊರಟು ಬನ್ನಿ. ಫಾರ್ಮು ಇಲ್ಲೇ ಕೂತು ತುಂಬೋಣ. ಅದಕ್ಕೆ ಮುಂಚೆ ಕ್ಯಾಲೆಂಡರಿನಲ್ಲಿ ವಾಪಸ್ ಬರುವ ದಿನಕ್ಕೆ ಒಂದು ಗುರುತು ಹಾಕಿಕೊಂಡು ಬಾ, ಫಾರ್ಮಿನಲ್ಲಿ ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತದೆ. ಮಧ್ಯಾಹ್ನಕ್ಕೆ ಬಿಸಿಬೇಳೆ ಬಾತ್ ಅಂತೆ, ಹುಳವಿಲ್ಲದ ಹೊಸ ಬೇಳೆಯದು.

ನಿನ್ನ,
ಗೆಳೆಯ