ವಿಷಯ: ಇಎಚ್36 ಹೆಸರಿನಲ್ಲಿ ಬಂದ 32 ಮಿ.ಮೀ. ಪ್ಲೇಟುಗಳು

ಮಾರಾಟ ವಿಭಾಗದ ವ್ಯವಸ್ಥಾಪಕರಿಗೆ,

ಫೋನಿನಲ್ಲಿ ಹೇಳುವುದೆಲ್ಲ ಹೇಳಿ ಮುಗಿದಿದೆ. ಹಡಗಿನ ಡೆಕ್ ಕ್ರೇನಿನ ಪೀಠಕ್ಕೆಂದು ಕಪನೂರ ಕೈಗಾರಿಕಾ ಪ್ರದೇಶದ ನಮ್ಮ ಘಟಕ ಕೇಳಿದ್ದು ಟಿಎಂಸಿಪಿ (ರೋಲ್ ಮಾಡುವಾಗಲೇ ತಾಪ ನಿಯಂತ್ರಿಸಿ ತಯಾರಿಸಿದ) ಇಎಚ್36 ದರ್ಜೆಯ ಹಡಗು ಉಕ್ಕು, ಹಡಗುಗಳನ್ನು ಪ್ರಮಾಣೀಕರಿಸುವ ಕ್ಲಾಸ್ ಸಂಸ್ಥೆಯ ಸರ್ವೇಯರ್ ಸಹಿಯ 3.2 ಸರ್ಟಿಫಿಕೇಟಿನೊಂದಿಗೆ. ನೀವು ಕೊಟ್ಟದ್ದು ಕಾರ್ಖಾನೆಯವರು ಮಾತ್ರ ಸಹಿ ಹಾಕುವ 3.1. ಅದರಲ್ಲಿ ಚಾರ್ಪಿ ಪರೀಕ್ಷೆ (ಒಂದೇ ಹೊಡೆತಕ್ಕೆ ಮುರಿಯುವಾಗ ಉಕ್ಕಿನ ತುಂಡು ಎಷ್ಟು ಜೂಲ್ ಶಕ್ತಿ ಹೀರುತ್ತದೆ ಎಂದು ಅಳೆಯುವುದು) ಆಗಿರುವುದು 0 ಡಿಗ್ರಿಯಲ್ಲಿ. 0 ಎಎಚ್‌ಗೆ, ಮೈನಸ್ 20 ಡಿಎಚ್‌ಗೆ, ಮೈನಸ್ 40 ಇಎಚ್‌ಗೆ ಎಂಬುದು ನಿಮ್ಮದೇ ಕ್ಯಾಟಲಾಗಿನಲ್ಲಿದೆ. ಮೂರೂ ದರ್ಜೆಗೆ ಯೀಲ್ಡ್ (ಶಾಶ್ವತವಾಗಿ ಬಾಗುವ ಮುನ್ನ ತಾಳುವ ಬಲ) ಒಂದೇ, 355 ಎಂಪಿಎ. ನಾವು ಹೆಚ್ಚು ಹಣ ಕೊಟ್ಟದ್ದು ಟಫ್‌ನೆಸ್‌ಗೆ, ಅಂದರೆ ಚಳಿಯಲ್ಲೂ ಹೊಡೆತಕ್ಕೆ ಮುರಿಯದ ಗುಣಕ್ಕೆ.

ಇದನ್ನು ಕೇಳಿದಾಗ ನಿಮ್ಮ ಅಧಿಕಾರಿ ಫೋನನ್ನು ಸ್ಪೀಕರಿಗೆ ಹಾಕಿದರು. "ಅಲ್ರೀ, ಕಲಬುರಗಿದಾಗ ಬ್ಯಾಸಗಿಗಿ 42 ಡಿಗ್ರಿ ಬಿಸಲ. ಮೈನಸ್ 40 ಯಾರಿಗಿ ಬೇಕಾಗ್ಯಾದ?" ಹಿಂದೆ ಯಾರೋ ನಕ್ಕರು. ಕ್ರೇನು ಕಲಬುರಗಿಯಲ್ಲಿ ತೇಲುವುದಿಲ್ಲ ಎಂದೆವು. "ಹಂಗಾದ್ರ ಎಷ್ಟು ಜೂಲ್ ಬೇಕು ಹೇಳ್ರಿ, ಹೊಸಾ ಕಾಗದ ಮಾಡಿಸಿ ಕಳಸ್ತೀವಿ." ಮತ್ತೆ ನಗು. ವೆಲ್ಡ್ ಮಾಡಿದಲ್ಲಿ ಬಿದ್ದ ಬಿರುಕಿನ ಮಾತು ಬಂದಾಗ, "ನಿಮ್ಮ ವೆಲ್ಡರ್ ರಾಡ್ ಕಾಸಿರಂಗಿಲ್ಲ ಬಿಡ್ರಿ." ಫೋನ್ ಕಟ್.

ಇಂಥ ಉದಾರ ಮನಸ್ಸಿಗೆ ಧನ್ಯವಾದ. ಬೇಕಾದದ್ದು ಮೂರು ತುಂಡುಗಳ ಸರಾಸರಿ 34 ಜೂಲ್. ಮೈನಸ್ 40ರಲ್ಲಿ ನಿಮ್ಮ ಪ್ಲೇಟು ಕೊಟ್ಟದ್ದು 11, 9, 14.

7018-1 ವೆಲ್ಡಿಂಗ್ ರಾಡುಗಳನ್ನು ತೇವ ಹೋಗುವಂತೆ 350 ಡಿಗ್ರಿಯಲ್ಲಿ ಎರಡು ಗಂಟೆ ಕಾಸಿ, 120ರ ಓವನ್ನಿನಿಂದಲೇ ವೆಲ್ಡರಿಗೆ ಕೊಟ್ಟಿದ್ದೇವೆ; ದಾಖಲೆ ಲಗತ್ತಿಸಿದೆ. ಆದರೂ ವೆಲ್ಡಾದ 48 ಗಂಟೆಯ ನಂತರದ ಅಲ್ಟ್ರಾಸಾನಿಕ್‌ನಲ್ಲಿ ವೆಲ್ಡ್ ಬೀಡಿನ ಕೆಳಗೆ, ಶಾಖ ತಗುಲಿದ ವಲಯದಲ್ಲೇ ಬಿರುಕು. ಕಾರಣ ನಿಮ್ಮ ಕಾಗದದಲ್ಲೇ ಇದೆ. ಕಾರ್ಬನ್ 0.17, ಮ್ಯಾಂಗನೀಸ್ 1.50 ಎಂದು ಬರೆದು, ಕಾರ್ಬನ್ ಈಕ್ವಿವಲೆಂಟ್ (ಹೆಚ್ಚಾದಷ್ಟೂ ವೆಲ್ಡಿನಲ್ಲಿ ಬಿರುಕಿನ ಅಪಾಯ ಹೆಚ್ಚು) 0.37 ಎಂದಿದ್ದೀರಿ. ಮ್ಯಾಂಗನೀಸನ್ನು ಆರರಿಂದ ಭಾಗಿಸಿ ಕಾರ್ಬನ್ನಿಗೆ ಕೂಡಿಸಿ: ಅವೆರಡೇ 0.42. ಕ್ರೋಮಿಯಂ, ವೆನೇಡಿಯಂ, ತಾಮ್ರ ಇನ್ನೂ ಬಾಕಿ. ಈ ದಪ್ಪದ ಟಿಎಂಸಿಪಿಗೆ ಮಿತಿ 0.38, ನಮ್ಮ ವೆಲ್ಡಿಂಗ್ ವಿಧಾನಕ್ಕೆ ಅನುಮೋದನೆ ಸಿಕ್ಕಿದ್ದೂ ಅದಕ್ಕೇ. "ಪ್ರೀಹೀಟ್ ಮಾಡಿಕೊಳ್ಳಿ", ಅಂದರೆ ವೆಲ್ಡಿಗೆ ಮುಂಚೆ ಪ್ಲೇಟನ್ನು ಕಾಸಿಕೊಳ್ಳಿ, ಎಂಬ ನಿಮ್ಮ ಸಲಹೆ ಬಿರುಕನ್ನು ತಡೆದೀತು, ಪ್ಲೇಟಿನಲ್ಲೇ ಇಲ್ಲದ ಟಫ್‌ನೆಸ್ಸನ್ನು ಎಲ್ಲಿಂದ ತಂದೀತು?

ಪ್ಲೇಟು ವಾಪಸ್ ಒಯ್ಯಿರಿ. ಹಣ, ಸಾಗಣೆ, ಕತ್ತರಿಸಿದ ಕೂಲಿ ಕೊಡಿ. ವಿವರಣೆ ನೋಡಿ ಕೊಂಡ ಸರಕು ಆ ವಿವರಣೆಗೆ ಹೊಂದಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಂ. ವಕೀಲರ ನೋಟಿಸು ಬೇರೆ ಬರುತ್ತದೆ. ಅದಕ್ಕೂ ಮೊದಲು, ಪ್ಲೇಟಿನ ಮೇಲಿನ ಹೀಟ್ ನಂಬರು (ಉಕ್ಕು ಕರಗಿಸಿದ ಬ್ಯಾಚಿನ ಗುರುತು) ನಿಜವಾಗಿ ಸರ್ಟಿಫಿಕೇಟಿನಲ್ಲಿ ಹೆಸರಿರುವ ಕಾರ್ಖಾನೆಯದೇನಾ ಎಂದು ಕೇಳಿ, ನಿಮ್ಮ ಸರ್ಟಿಫಿಕೇಟಿನ ಪ್ರತಿಯನ್ನು ಆ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೂ ಕ್ಲಾಸ್ ಸರ್ವೇಯರಿಗೂ ಇಂದೇ ಕಳಿಸಿದ್ದೇವೆ. ಅವರ ಫೋನ್ ಬಂದಾಗಲೂ ಸ್ಪೀಕರಿಗೆ ಹಾಕಿರಿ.

ಖರೀದಿ ಮತ್ತು ಗುಣಮಟ್ಟ ವಿಭಾಗ
ಕಪನೂರ, ಕಲಬುರಗಿ