ನಾಜಿಯಾ ಹಸನ್ ಧ್ವನಿಯನ್ನು ಕ್ಯಾಸೆಟ್ಟಿನಿಂದ ಇಳಿಸುವಾಗ ಕೆಡಿಸಬೇಡಿ

ಸಂಪಾದಕರಿಗೆ,

ಪಾಪ್ ಗಾಯಕಿ ನಾಜಿಯಾ ಹಸನ್ ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 2000ದ ಆಗಸ್ಟ್ 13ರಂದು. ಆಗ ವಯಸ್ಸು ಬರೀ 35. ಈ ದಿನ ಬಂತೆಂದರೆ ಅಭಿಮಾನಿಗಳು ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬಿ ಇಳಿಸಿ, ಹಾಡುಗಳನ್ನು ಕಂಪ್ಯೂಟರಿಗೆ ಹಾಕಿ, ಗೆಳೆಯರಿಗೆಲ್ಲ ಕಳಿಸುತ್ತಾರೆ. ಅವರ ಪ್ರೀತಿಯ ಬಗ್ಗೆ ತಕರಾರಿಲ್ಲ. ತೊಂದರೆಯೆಂದರೆ ಹೀಗೆ ಹರಿದಾಡುವ ಪ್ರತಿಗಳಲ್ಲಿ ಬಹಳಷ್ಟರಲ್ಲಿ ಆಕೆಯ ಧ್ವನಿಯೇ ಉಳಿದಿಲ್ಲ. ಶ್ರುತಿ ಏರಿಯೋ ಇಳಿದೋ ಹೋಗಿರುತ್ತದೆ, ಎಡಬಲ ಕಲಸಿ ಒಂದಾಗಿರುತ್ತದೆ, 'ಸ'ಕಾರ 'ಶ'ಕಾರಗಳು ಮಾಯವಾಗಿರುತ್ತವೆ. ಮುಂದಿನ ಪೀಳಿಗೆ ಕೇಳುವುದು ಇದನ್ನೇ. ಆದ್ದರಿಂದ ಈ ಪತ್ರ.

ಮೊದಲು, ಪ್ರತಿ ಸಲ ತಪ್ಪಾಗಿ ಹೋಗುವ ಕೆಲವು ವಿವರಗಳು. 'ಕುರ್ಬಾನಿ' (1980) ಚಿತ್ರಕ್ಕೆ ಸಂಗೀತ ಕಲ್ಯಾಣ್‌ಜಿ–ಆನಂದ್‌ಜಿ ಅವರದು, ನಿಜ. ಆದರೆ ನಾಜಿಯಾ ಹಾಡಿದ 'ಆಪ್ ಜೈಸಾ ಕೋಯಿ' ಮಾತ್ರ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಕೊಡವ ಮನೆತನದ ಬಿದ್ದು ಅಪ್ಪಯ್ಯ ಅವರ ಸಂಯೋಜನೆ. ಈ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಕರಾಚಿಯಲ್ಲಿ 1965ರ ಏಪ್ರಿಲ್ 3ರಂದು ಹುಟ್ಟಿದ ನಾಜಿಯಾಗೆ ಚಿತ್ರ ತೆರೆಕಂಡಾಗ 15 ವರ್ಷ. 1981ರ 'ಡಿಸ್ಕೊ ದೀವಾನೆ' ಯಾವ ಚಿತ್ರದ ಹಾಡುಗಳೂ ಅಲ್ಲ, ಸ್ವತಂತ್ರ ಆಲ್ಬಮ್. 1982ರ 'ಬೂಮ್ ಬೂಮ್' ಹಾಡುಗಳು 'ಸ್ಟಾರ್' ಚಿತ್ರದ ಹೆಸರಿನಲ್ಲೂ ಸಿಗುತ್ತವೆ. ಎರಡು ಬೇರೆ ಆಲ್ಬಮ್ ಎಂದು ಪಟ್ಟಿ ಮಾಡುವವರಿದ್ದಾರೆ. 'ಮೇಡ್ ಇನ್ ಇಂಡಿಯಾ' ಬಿದ್ದು ಅವರ ಕೈಕೆಲಸವೇ, ಆದರೆ ಹಾಡಿದವರು ಅಲಿಶಾ ಚಿನಾಯ್. ಎಲ್ಲಕ್ಕಿಂತ ಬೇಸರದ ವಿಷಯ, ತಮ್ಮ ಜೊಹೇಬ್ ಹಸನ್ ಹೆಸರು ಬಿಟ್ಟುಹೋಗುವುದು. 'ಯಂಗ್ ತರಂಗ್' (1984), 'ಹಾಟ್‌ಲೈನ್' (1987), 'ಕ್ಯಾಮೆರಾ ಕ್ಯಾಮೆರಾ' (1992), ಇವೆಲ್ಲ ಅಕ್ಕ ತಮ್ಮ ಇಬ್ಬರ ಆಲ್ಬಮ್ಮುಗಳು.

ಇನ್ನು ಧ್ವನಿಯ ವಿಷಯ. ನಾಜಿಯಾಳದು ತೆಳು ದನಿ, ಸ್ವಲ್ಪ ಮೂಗಿನ ಛಾಯೆ. ಬಿದ್ದು ಅಪ್ಪಯ್ಯ ಅದನ್ನು ಮರೆಮಾಚಲಿಲ್ಲ. ಅದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದರು. ಒಬ್ಬರೇ ಎರಡು ಸಲ ಹಾಡಿದರೂ ಅಕ್ಷರಗಳು ಕೂದಲೆಳೆಯಷ್ಟು ಹಿಂದುಮುಂದಾಗುತ್ತವೆ, ಶ್ರುತಿಯೂ ಒಂಚೂರು ಅತ್ತಿತ್ತಾಗುತ್ತದೆ. ಈ ಸಣ್ಣ ಅಂತರವೇ ಆ ದನಿಗೆ ಮೈ ತುಂಬಿಸಿ, ಹೊಳಪು ಕೊಟ್ಟದ್ದು. ಹೊಳಪು ಇರುವುದು ಮೇಲಿನ ಕಂಪನಾಂಕಗಳಲ್ಲಿ, ಉಸಿರಿನ ಸದ್ದಿನಲ್ಲಿ, 'ಸ'ಕಾರದ ಅಂಚಿನಲ್ಲಿ. ಕ್ಯಾಸೆಟ್ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಬೇರೆ ಗಾಯಕಿಯರ ಕ್ಯಾಸೆಟ್ ಸ್ವಲ್ಪ ಮಂದವಾದರೆ ಸಹಿಸಬಹುದು. ನಾಜಿಯಾಳ ಕ್ಯಾಸೆಟ್ ಮಂದವಾದರೆ ಉಳಿಯುವುದು ತಾಳ ಮತ್ತು ಸಿಂಥಸೈಸರ್ ಮಾತ್ರ.

ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಹಾಕಲೇಬೇಡಿ. ಬೂಷ್ಟು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಟೇಪಿನ ಹಿಂದೆ, ತೆಳುವಾದ ಲೋಹದ ಪಟ್ಟಿಯ ಮೇಲೆ ಒಂದು ಪುಟ್ಟ ಫೆಲ್ಟ್ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ಹಳೆಯ ಕ್ಯಾಸೆಟ್ಟುಗಳಲ್ಲಿ ಅದರ ಅಂಟು ಒಣಗಿ ಫೆಲ್ಟ್ ಉದುರಿರುತ್ತದೆ. ಆಗ ಟೇಪು ಹೆಡ್ಡಿನಿಂದ ತುಸು ದೂರ ಸರಿದು, ಮೇಲಿನ ಸ್ವರಗಳು ಸತ್ತು, ಸದ್ದು ಏರಿಳಿಯುತ್ತದೆ. ಟೇಪೇ ಹಾಳಾಯಿತೆಂದು ಬಿಸಾಡುವವರು ಈ ಫೆಲ್ಟನ್ನು ಒಮ್ಮೆ ನೋಡುವುದು ಒಳ್ಳೆಯದು. ಸ್ಕ್ರೂ ಇರುವ ಖಾಲಿ ಕವಚವೊಂದನ್ನು ತಂದು ಎರಡೂ ಸುರುಳಿಗಳನ್ನು ಅದಕ್ಕೆ ವರ್ಗಾಯಿಸಿದರೆ ಸಾಕು. ವರ್ಗಾಯಿಸುವಾಗ ಸುರುಳಿಗಳ ಮೇಲೆ ಕೆಳಗೆ ಇರುವ ನುಣುಪು ಹಾಳೆಗಳನ್ನೂ ಮೂಲೆಯ ಪುಟ್ಟ ಉರುಳೆಗಳನ್ನೂ ಮರೆಯಬೇಡಿ. ಆಕ್ಸೈಡ್ ಲೇಪವಿರುವ ಮುಖ ಹೊರಗಡೆ, ಹೆಡ್ಡಿನ ಕಡೆಗೆ ಇರಬೇಕು. ಟೇಪು ತುಂಡಾಗಿದ್ದರೆ ಜೋಡಿಸಲೆಂದೇ ಸಿಗುವ ಸ್ಪ್ಲೈಸಿಂಗ್ ಟೇಪ್ ಬಳಸಿ. ಸೆಲ್ಲೊಟೇಪ್ ಹಚ್ಚಿದರೆ ಅದರ ಅಂಟು ಕೆಲವೇ ತಿಂಗಳಲ್ಲಿ ಹರಿದು ಪಕ್ಕದ ಸುತ್ತುಗಳನ್ನು ಒಂದಕ್ಕೊಂದು ಕಚ್ಚಿಸುತ್ತದೆ.

ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಸುತ್ತಿ, ಸುರುಳಿಯ ಬಿಗಿ ಸಮವಾದ ಮೇಲೆಯೇ ಮುದ್ರಿಸಿಕೊಳ್ಳಲು ಶುರುಮಾಡಿ. ಪ್ಲೇಯರಿನ ಹೆಡ್ಡನ್ನೂ ಟೇಪನ್ನು ಓಡಿಸುವ ಲೋಹದ ಕಡ್ಡಿಯಾದ ಕ್ಯಾಪ್‌ಸ್ಟನ್ನನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಟೇಪನ್ನು ಎಳೆಯುವ ರಬ್ಬರ್ ಉರುಳೆ ಗಾಜಿನಂತೆ ಹೊಳೆಯುತ್ತಿದ್ದರೆ ಗಟ್ಟಿಯಾಗಿದೆ ಎಂದರ್ಥ, ಬದಲಿಸಬೇಕು. ಅದು ಜಾರಿದಾಗ ಬರುವ ಅಲುಗಾಟವನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಹೆಚ್ಚುಕಡಿಮೆ ಆಗದ ಕೆಲಸ.

ಇಷ್ಟಾದ ಮೇಲೆ ವೇಗ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಬೆಲ್ಟು ಸಡಿಲವಾದರೆ ನಿಧಾನ, ಮೋಟರ್ ಹೊಂದಾಣಿಕೆ ತಪ್ಪಿದರೆ ಜೋರು. ಶೇ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ, 3 ನಿಮಿಷದ ಹಾಡು ಸುಮಾರು 10 ಸೆಕೆಂಡ್ ಮೊದಲೇ ಮುಗಿಯುತ್ತದೆ. ಹದಿನೈದರ ಹುಡುಗಿ ಹತ್ತರ ಹುಡುಗಿಯಂತೆ ಕೇಳಿಸುವುದಕ್ಕೆ ಕಾರಣ ಇದೇ. ಕಂಪನಿಯೇ ಬಿಡುಗಡೆ ಮಾಡಿದ ಡಿಜಿಟಲ್ ಪ್ರತಿಯ ಪಕ್ಕದಲ್ಲಿ ನುಡಿಸಿ, ಒಂದು ದೀರ್ಘ ಸ್ವರವನ್ನು ಹೋಲಿಸಿ ನೋಡಿ. ಹಾಡಿನ ಅವಧಿಯನ್ನಷ್ಟೇ ನಂಬಬೇಡಿ. ಕೊನೆಯಲ್ಲಿ ಸದ್ದು ಇಳಿಸುವ ಜಾಗ ಒಂದೊಂದು ಆವೃತ್ತಿಯಲ್ಲಿ ಒಂದೊಂದು ಕಡೆ ಇರಬಹುದು. ವ್ಯತ್ಯಾಸ ಕಂಡರೆ ಅನೇಕ ಮೋಟರುಗಳ ಹಿಂಬದಿಯ ಸಣ್ಣ ತೂತಿನೊಳಗೆ ವೇಗದ ಸ್ಕ್ರೂ ಇರುತ್ತದೆ, ಅದನ್ನು ತುಸುತುಸುವೇ ತಿರುಗಿಸಿ.

ಹೆಚ್ಚಿನವರು ಬಿಟ್ಟುಬಿಡುವುದು, ನಾಜಿಯಾಳ ಧ್ವನಿಗೆ ಅತಿ ಮುಖ್ಯವಾದದ್ದು, ಹೆಡ್ಡಿನ ವಾಲು. ತಂತ್ರಜ್ಞರು ಅಜಿಮತ್ ಎನ್ನುತ್ತಾರೆ. ಹೆಡ್ಡಿನ ಸೀಳು ಟೇಪು ಓಡುವ ದಿಕ್ಕಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ವಾಲಿದರೂ ಮೇಲಿನ ಸ್ವರಗಳು ಮಂಕಾಗುತ್ತವೆ, ಎಡ ಬಲ ವಾಹಿನಿಗಳು ಒಂದಕ್ಕೊಂದು ಹಿಂದುಮುಂದಾಗುತ್ತವೆ. ಆ ಸ್ಥಿತಿಯಲ್ಲಿ ಸ್ಟೀರಿಯೊವನ್ನು ಮೊನೊ ಮಾಡಿದರೆ, ಅಂದರೆ ಎಡ ಬಲ ಕೂಡಿಸಿ ಒಂದಾಗಿಸಿದರೆ, ಎರಡೂ ವಾಹಿನಿಗಳು ಒಂದನ್ನೊಂದು ಕಳೆದುಕೊಂಡು 'ಸ', 'ಶ' ಎಲ್ಲ ಅಳಿಸಿಹೋಗುತ್ತವೆ. ಬೇಕೆಂದೇ ಎರಡು ಪದರದಲ್ಲಿ ಮುದ್ರಿಸಿದ ದನಿ ಆಗ ಡಬ್ಬಿಯೊಳಗಿನಿಂದ ಬಂದಂತೆ ಕೇಳುತ್ತದೆ. ಸರಿಪಡಿಸುವುದು ಕಷ್ಟವೇನಲ್ಲ. ಹೆಡ್ಡಿನ ಒಂದು ಬದಿಯಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಇರುತ್ತದೆ. ಮೊದಲು ಅದು ಇದ್ದ ಜಾಗವನ್ನು ಉಗುರು ಬಣ್ಣದಿಂದ ಗುರುತು ಮಾಡಿ. ಹಾಡು ಓಡುತ್ತಿರುವಾಗ ಮೊನೊದಲ್ಲಿ ಕೇಳುತ್ತಾ, ಡ್ರಮ್ ಜೊತೆಯ ಹೈ-ಹ್ಯಾಟ್ ತಾಳದ 'ಚಿಕ್ ಚಿಕ್' ಅತಿ ಸ್ಪಷ್ಟವಾಗುವವರೆಗೆ ನಿಧಾನವಾಗಿ ತಿರುಗಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದು ಅಪರೂಪ. ಕಾಂತತ್ವ ಹಿಡಿಯದ ಸ್ಕ್ರೂಡ್ರೈವರ್ ಬಳಸಿ. ಒಂದೊಂದು ಕ್ಯಾಸೆಟ್ಟಿನ ವಾಲು ಒಂದೊಂದು ಥರ, ಕೆಲವೊಮ್ಮೆ ಎ ಬದಿ ಬಿ ಬದಿಗೂ ವ್ಯತ್ಯಾಸವಿರುತ್ತದೆ. ಪ್ರತಿ ಬದಿಗೂ ನೋಡಬೇಕು. ಸರಿಯಾದ ಮೇಲೆ ಮೊನೊ ಬಿಟ್ಟು ಸ್ಟೀರಿಯೊದಲ್ಲೇ ಮುದ್ರಿಸಿ.

ಟೇಪಿನ 'ಸುಯ್' ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಇದಾದ ನಂತರ ನೋಡಿ. ಕ್ಯಾಸೆಟ್ಟಿನ ಮೇಲೆ ಡಾಲ್ಬಿ ಗುರುತು ಇದ್ದರೆ ಮಾತ್ರ ಅದು ಬೇಕು. ಗುರುತಿಲ್ಲದ ಕ್ಯಾಸೆಟ್ಟಿಗೆ 'ಸುಯ್' ಸದ್ದು ಕಡಿಮೆಯಾಗಲೆಂದು ಅದನ್ನು ಒತ್ತಿದರೆ ಹಾಡಿನ ಹೊಳಪೂ ಅದರ ಜೊತೆ ಹೋಗುತ್ತದೆ.

ಪ್ಲೇಯರಿನ ಲೈನ್-ಔಟ್‌ನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಹಾಕಿ. ಮೈಕ್ ತೂತಿಗೆ ಹಾಕಿದರೆ ಹಲವು ಯಂತ್ರಗಳಲ್ಲಿ ಅದು ಒಂದೇ ವಾಹಿನಿ, ಮೇಲಾಗಿ ಸದ್ದು ಒಡೆಯುತ್ತದೆ. ತಾನೇ ಸದ್ದನ್ನು ಏರಿಳಿಸುವ ಆಯ್ಕೆ ಇದ್ದರೆ ಮುಚ್ಚಿಡಿ. ಡಿಸ್ಕೊ ತಾಳದ ಪ್ರತಿ ಪೆಟ್ಟಿಗೂ ಹಾಡುಗಾರಿಕೆ ಕುಗ್ಗಿ ಏಳುವುದು ಅದರಿಂದಲೇ. ಅತಿ ಜೋರಿನ ಜಾಗ ಮುದ್ರಣದ ಮಾಪಕದಲ್ಲಿ ಮೈನಸ್ 6 ಡೆಸಿಬೆಲ್ ಹತ್ತಿರ ನಿಲ್ಲಲಿ. 24 ಬಿಟ್, 48 ಕಿಲೊಹರ್ಟ್ಸ್‌ನ ವೇವ್ ಅಥವಾ ಫ್ಲ್ಯಾಕ್ ಕಡತ ಸಾಕು. ವೇವ್ ಆದರೆ ಗಂಟೆಗೆ ಸುಮಾರು 1 ಜಿಬಿ. 96 ಕಿಲೊಹರ್ಟ್ಸ್ ಬೇಕೇ ಬೇಕು ಎನ್ನುವವರ ಹಟ ಕ್ಯಾಸೆಟ್ಟಿನ ಮಟ್ಟಿಗೆ ದುಂದು. ಅಷ್ಟು ಮೇಲಿನ ಸದ್ದು ಆ ಟೇಪಿನಲ್ಲಿ ಇಲ್ಲವೇ ಇಲ್ಲ.

ಬೇಡದ ಸದ್ದು ತೆಗೆಯುವ ತಂತ್ರಾಂಶಗಳ ಬಗ್ಗೆ ಒಂದು ಮಾತು. ಟೇಪಿನ 'ಸುಯ್' ಇರುವ ಜಾಗದಲ್ಲೇ ನಾಜಿಯಾಳ ಉಸಿರೂ ಇದೆ. ತಂತ್ರಾಂಶಕ್ಕೆ ಎರಡೂ ಒಂದೇ. ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಸುಯ್ ಹೋದ ಜಾಗದಲ್ಲಿ ನೀರಿನೊಳಗಿನ ಗುಳುಗುಳು ಬರುತ್ತದೆ. ಏನೂ ತಿದ್ದದ ಮೂಲ ಕಡತವನ್ನು ಕಡ್ಡಾಯವಾಗಿ ಇಟ್ಟುಕೊಂಡು, ತಿದ್ದಾಟವೆಲ್ಲ ಅದರ ನಕಲಿನ ಮೇಲೆ ನಡೆಯಲಿ.

ಎಲ್‌ಪಿ ತಟ್ಟೆ ಇರುವವರ ಪಾಡು ವಾಸಿ. ತಟ್ಟೆ ತೊಳೆದು, ಸೂಜಿಯ ಮೇಲೆ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ತಯಾರಕರು ಹೇಳಿದಷ್ಟೇ ಭಾರ ಇಟ್ಟು, ತಟ್ಟೆಯ ಕ್ಷೀಣ ಸದ್ದನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ ಮೂಲಕ ಇಳಿಸಿದರೆ ಕ್ಯಾಸೆಟ್ಟಿಗಿಂತ ಎಷ್ಟೋ ಮೇಲು. ಭಾರ ಕಡಿಮೆ ಇಟ್ಟರೆ ತಟ್ಟೆ ಸವೆಯದು ಎಂಬುದು ತಪ್ಪು ಕಲ್ಪನೆ. ಹಗುರವಾದ ಸೂಜಿ ಕುಣಿದು ಗೀರನ್ನು ಇನ್ನಷ್ಟು ಕೆಡಿಸುತ್ತದೆ. ತಟ್ಟೆಯ ನಡುವಿನ ಖಾಲಿ ಉಂಗುರದಲ್ಲಿ ಕೆತ್ತಿರುವ ಸಂಖ್ಯೆಯನ್ನೂ ಬರೆದಿಡಿ, ಯಾವ ಅಚ್ಚಿನ ಪ್ರತಿ ಎಂದು ತಿಳಿಯಲು ಅದೇ ಆಧಾರ.

ಕಡತಕ್ಕೆ ಹೆಸರಿಡುವಾಗ ಹಾಡು, ಆಲ್ಬಮ್, ವರ್ಷ, ಯಾವ ದೇಶದ ಮುದ್ರಣ, ಕ್ಯಾಸೆಟ್ಟೋ ತಟ್ಟೆಯೋ, ಹಾಡಿದವರು ನಾಜಿಯಾ ಒಬ್ಬರೋ ಜೊಹೇಬ್ ಜೊತೆಯೋ, ಇಷ್ಟೂ ಇರಲಿ. 2012ರಲ್ಲಿ ಹಿಂದಿ ಚಿತ್ರವೊಂದಕ್ಕೆ 'ಡಿಸ್ಕೊ ದೀವಾನೆ'ಯನ್ನು ಹೊಸದಾಗಿ ಮಾಡಿದಾಗ ಬೇರೆ ಗಾಯಕರ ಜೊತೆ ನಾಜಿಯಾಳ ಹಳೆಯ ದನಿಯನ್ನೂ ಸೇರಿಸಿದ್ದರು. ಅಭಿಮಾನಿಗಳ ಸಂಗ್ರಹದಲ್ಲಿ ಅದು 1981ರ ಹೆಸರಲ್ಲೇ ಕುಳಿತಿರುವುದುಂಟು.

ಹಂಚುವ ಮುನ್ನ ಕಾನೂನನ್ನೂ ಗಮನಿಸಬೇಕು. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1981ರ ಆಲ್ಬಮ್ 2041ರ ಕೊನೆಯವರೆಗೂ ಹಕ್ಕುದಾರರದೇ. ಸ್ವಂತಕ್ಕೆ ಪ್ರತಿ ಇಟ್ಟುಕೊಳ್ಳುವುದು ಬೇರೆ, ಇಡೀ ಆಲ್ಬಮ್ಮನ್ನು ಎಲ್ಲರಿಗೂ ಹರಿಯಬಿಡುವುದು ಬೇರೆ. ನೆನಪಿನ ದಿನ ಹಂಚಲು ಹೊದಿಕೆಯ ಚಿತ್ರ, ಲೇಬಲ್ಲಿನ ವಿವರ ಮತ್ತು ಅಧಿಕೃತವಾಗಿ ಬಿಡುಗಡೆಯಾದ ಹಾಡಿನ ಕೊಂಡಿ ಸಾಕು.

— ಹಳೆಯ ಕ್ಯಾಸೆಟ್ ಮತ್ತು ಎಲ್‌ಪಿ ಸಂಗ್ರಾಹಕರು, ಬೆಂಗಳೂರು